ಹಲಸೂರು ಕೆರೆ ಮತ್ತೆ ಹಸಿರು ಪೇಂಟ್ ಆಗಿದೆ, ಏನಿದು ಅಂತ ಗೊತ್ತಿರೋರು ಹೇಳಿ

ಹಲಸೂರು ವಾಕರ್ · ಸೋಮವಾರ, ಬೆಳಗ್ಗೆ 8:20

ದಿನಾ ಬೆಳಗ್ಗೆ ಹಲಸೂರು ಕೆರೆ ಪಕ್ಕ ವಾಕಿಂಗ್ ಹೋಗೋನು ನಾನು, ಹನ್ನೊಂದು ವರ್ಷ ಆಯ್ತು. ಕಳೆದ ವಾರದಿಂದ ಬೋಟ್ ಹತ್ತೋ ಜಾಗದ ಹತ್ರ ನೀರು ಯಾರೋ ಡಬ್ಬಗಟ್ಟಲೆ ಹಸಿರು ಪೇಂಟ್ ಸುರಿದಂಗೆ ಆಗಿದೆ. ಜೊಂಡು ಅಲ್ಲ, ಎಲೆ ಬೇರು ಏನೂ ಇಲ್ಲ, ಬರೀ ಬಣ್ಣ. ಬೋಟ್ ಹೋದಾಗ ಹಿಂದೆ ಒಂದು ಕಪ್ಪು ಗೆರೆ ಬೀಳತ್ತೆ, ಒಂದೇ ನಿಮಿಷಕ್ಕೆ ಮತ್ತೆ ಮುಚ್ಕೊಳ್ಳತ್ತೆ. ವಾಸನೆ ಅಂತೂ ಫ್ರಿಜ್ಜಲ್ಲಿ ಮರೆತುಹೋದ ಸೊಪ್ಪಿನ ಕವರ್ ಬಿಚ್ಚಿದಂಗೆ. ನಿನ್ನೆ ಭಾನುವಾರ ಮಕ್ಕಳು ಬೋಟಿಂದ ಬಗ್ಗಿ ಕೈ ಅದ್ದಿ ಆಟ ಆಡ್ತಿದ್ರು, ನೋಡಿ ಒಂಥರಾ ಆಯ್ತು. ಬೋಟ್ ಹುಡುಗನ್ನ ಕೇಳಿದ್ರೆ "ಬೇಸಿಗೆ ಅಲ್ವಾ ಸಾರ್, ಬರತ್ತೆ, ಮಳೆ ಬಂದ್ರೆ ಹೋಗತ್ತೆ" ಅಂದ.

ಇದು ಏನು, ಕೈ ಹಾಕಿದ್ರೆ ತೊಂದ್ರೆನಾ, ಆಮೇಲೆ ಆ ಕಾರಂಜಿ ಥರದ್ದು ಹಾಕಿದ್ರೆ ಸರಿ ಹೋಗತ್ತಾ?

ಮಾಮೂಲಿ ಮನುಷ್ಯ · 8:41

ಪಾಚಿ ಸರ್ ಅದು. ನಾವು ಚಿಕ್ಕೋರಿದ್ದಾಗ ಊರ ಕೆರೆಲೂ ಇರ್ತಿತ್ತು, ಅದ್ರಲ್ಲೇ ಈಜಿದೀವಿ, ದನ ತೊಳ್ದಿದೀವಿ, ಇನ್ನೂ ಬದುಕಿದೀವಿ. ಬಿಸಿಲು ಜಾಸ್ತಿ ಆದ್ರೆ ಬರತ್ತೆ. ಈಗ ಎಲ್ಲದಕ್ಕೂ ಪೊಲ್ಯೂಷನ್ ಅನ್ನೋದು ಒಂದು ಫ್ಯಾಷನ್ ಆಗಿದೆ ಅಷ್ಟೆ.

ಬಾಟನಿ ಮೇಡಂ · 9:55

ಬಿಸಿಲು ಕಾರಣ ಅಂದ್ರೆ ಅರ್ಧ ಸತ್ಯ. ಬಿಸಿಲು ಬೆಂಗಳೂರಿನ ಈಜುಕೊಳಕ್ಕೂ ಬೀಳತ್ತೆ, ಕಾವೇರಿ ನೀರಿನ ಸಂಪಿನ ಮುಚ್ಚಳ ತೆಗೆದಿಟ್ರೆ ಅದಕ್ಕೂ ಬೀಳತ್ತೆ. ಗಿಡಕ್ಕೆ ಬಿಸಿಲು ನೀರು ಕೊಟ್ರೆ ಸಾಕಾ, ಗೊಬ್ಬರ ಬೇಡ್ವಾ? ಪಾಚಿಗೂ ಅಷ್ಟೆ. ಸಾರಜನಕ, ರಂಜಕ (ಫಾಸ್ಫರಸ್) ಎರಡೂ ಬೇಕು, ಕೆರೆಯಂಥ ಸಿಹಿನೀರಲ್ಲಿ ಸಾಮಾನ್ಯವಾಗಿ ರಂಜಕನೇ ಕೊರತೆ ಬೀಳೋದು, ಆ ಕೊರತೆ ಇರೋವರೆಗೂ ಪಾಚಿ ಹದ್ದುಬಸ್ತಿನಲ್ಲಿರತ್ತೆ. ಕೆನಡಾದಲ್ಲಿ 1973ರಲ್ಲಿ ಶಿಂಡ್ಲರ್ ಅನ್ನೋ ವಿಜ್ಞಾನಿ ಮತ್ತವರ ತಂಡ ಒಂದು ಕೆರೆಗೆ ಮಧ್ಯದಲ್ಲಿ ಪರದೆ ಕಟ್ಟಿ ಎರಡು ಭಾಗ ಮಾಡಿದ್ರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದ್ರು, ಒಂದು ಕಡೆ ಮಾತ್ರ ಜೊತೆಗೆ ರಂಜಕ. ವಿಮಾನದಿಂದ ತೆಗೆದ ಫೋಟೋ ನಾನು ಪ್ರತಿ ಬ್ಯಾಚಿಗೂ ತೋರಿಸ್ತೀನಿ, ಒಂದು ಕಡೆ ಮಾಮೂಲಿ ಕಪ್ಪು ನೀರು, ರಂಜಕ ಬಿದ್ದ ಕಡೆ ಬಟಾಣಿ ಸಾರು. ಒಂದೇ ಕೆರೆ, ಒಂದೇ ಬಿಸಿಲು.

ವಾಕರ್ ಸರ್, ನೀವು ಹೇಳ್ತಿರೋ ಪೇಂಟ್ ನಿಜವಾದ ಹಸಿರು ಪಾಚಿ ಅಲ್ದೇನೂ ಇರಬಹುದು. ನೀಲಿ-ಹಸಿರು ಪಾಚಿ ಅಂತೀವಿ, ಸಯನೋಬ್ಯಾಕ್ಟೀರಿಯಾ, ಅಂದ್ರೆ ಬ್ಯಾಕ್ಟೀರಿಯಾ ಜಾತಿ. ಎರಡು ಪರೀಕ್ಷೆ ಮನೆಲೇ ಮಾಡಬಹುದು. ಒಂದು ಉದ್ದ ಕಡ್ಡಿ ಹಾಕಿ ಎತ್ತಿ, ಕೂದಲು ಥರ ಎಳೆ ಎಳೆಯಾಗಿ ಬಂದ್ರೆ ದಾರದ ಪಾಚಿ, ಕಡ್ಡಿಗೆ ಬಣ್ಣ ಬಳಿದಂಗೆ ಅಂಟಿದ್ರೆ ಅನುಮಾನ ಪಡಿ. ಆಮೇಲೆ ಗ್ಲೌಸ್ ಹಾಕ್ಕೊಂಡು ಒಂದು ಗಾಜಿನ ಬಾಟಲಿಗೆ ಮುಕ್ಕಾಲು ನೀರು ತುಂಬಿಸಿ, ಮುಚ್ಚಳ ಬಿಗಿ ಮಾಡಿ, ರಾತ್ರಿಯೆಲ್ಲಾ ಫ್ರಿಜ್ಜಲ್ಲಿ ಅಲ್ಲಾಡಿಸದೆ ಇಡಿ. ಹಸಿರು ತಳಕ್ಕೆ ಕೂತರೆ ಮಾಮೂಲಿ ಪಾಚಿ, ಮೇಲೆ ಕೆನೆ ಕಟ್ಟಿದಂಗೆ ತೇಲಿದ್ರೆ ನೀಲಿ-ಹಸಿರು. ಅದರ ಜೀವಕೋಶದೊಳಗೆ ಪುಟಾಣಿ ಗಾಳಿ ಚೀಲ ಇರತ್ತೆ, ಅದಕ್ಕೇ ತೇಲೋದು. ಪಕ್ಕಾ ಹೇಳೋಕೆ ಮೈಕ್ರೋಸ್ಕೋಪೇ ಬೇಕು, ಇದು ಬರೀ ಸುಳಿವು.

ಹಲಸೂರು ವಾಕರ್ · 10:12

ಫ್ರಿಜ್ಜಲ್ಲಾ?? ಮೇಡಂ ನಮ್ಮನೇಲಿ ನನ್ನ ಆಚೆ ಹಾಕ್ತಾರೆ. ಆದ್ರೂ ಮಾಡ್ತೀನಿ.

ಪಂಪ್‌ಹೌಸ್ · 1:30

ನಾನು ಒಂದು ಅಪಾರ್ಟ್‌ಮೆಂಟಲ್ಲಿ ಕೊಳಚೆ ನೀರು ಟ್ರೀಟ್ ಮಾಡೋ ಪ್ಲಾಂಟ್ (ಎಸ್‌ಟಿಪಿ) ನೋಡ್ಕೋತೀನಿ, 240 ಮನೆ. ಜನ ಬಂದು ಟ್ರೀಟ್ ಆದ ನೀರು ನೋಡಿ "ಸೂಪರ್ ಕ್ಲಿಯರ್ ಇದೆ ಗುರು, ಕೆರೆಗೆ ಬಿಟ್ರೆ ಏನಾಗತ್ತೆ" ಅಂತಾರೆ. ಕಣ್ಣಿಗೆ ಕ್ಲಿಯರೇ. ಆದ್ರೆ ನಮ್ಮ ಪ್ಲಾಂಟ್ ಮಾಡೋ ಕೆಲ್ಸ ಏನು ಅಂದ್ರೆ ಕೊಳೆಯೋ ಪದಾರ್ಥನ ಗಾಳಿ ಕೊಟ್ಟು ಬ್ಯಾಕ್ಟೀರಿಯಾ ಕೈಲಿ ತಿನ್ಸೋದು. ಆ ಬ್ಯಾಕ್ಟೀರಿಯಾ ತನ್ನ ಮೈಗೆ ಬೇಕಾದಷ್ಟು ರಂಜಕ ತಗೊಳತ್ತೆ, ಉಳಿದಿದ್ದು ನೀರಲ್ಲೇ ಹೋಗತ್ತೆ, ಕಣ್ಣಿಗೆ ಕಾಣಲ್ಲ ಮೂಗಿಗೂ ಬಡಿಯಲ್ಲ. ಅದನ್ನ ತೆಗೀಬೇಕಂದ್ರೆ ಬೇರೆ ಸ್ಟೇಜ್ ಬೇಕು, ಇಲ್ಲಾ ಆಲಂ ಅಥವಾ ಫೆರಿಕ್ ಕ್ಲೋರೈಡ್ ಹಾಕಿ ಗಸಿ ಮಾಡಿ ಕೂರಿಸ್ಬೇಕು, ಆ ಗಸಿ ಎಲ್ಲಿ ಹಾಕೋದು ಅನ್ನೋದು ಇನ್ನೊಂದು ತಲೆನೋವು. ನಮ್ಮ ಪ್ಲಾಂಟ್ ತಿಂಗಳ ರಿಪೋರ್ಟಲ್ಲಿ ಕೊಳೆ ಎಷ್ಟಿದೆ ಅಂತ ಅಳೆಯೋ ಬಿಓಡಿ ಇದೆ ಸಿಓಡಿ ಇದೆ, ಪಿಎಚ್ ಇದೆ, ರಂಜಕ ಅನ್ನೋ ಕಾಲಮ್ಮೇ ಇಲ್ಲ. ಆ ನೀರು ನಾವು ಗಾರ್ಡನ್‌ಗೆ ಬಿಡ್ತೀವಿ, ಲಾನ್ ನೋಡ್ಬೇಕು ನೀವು, ವಾರಕ್ಕೆರಡು ಸಲ ಮಷಿನ್ ಹೊಡೀಬೇಕು ಅಷ್ಟು ಜೋರಾಗಿ ಬೆಳೆಯತ್ತೆ. ಕೆರೆಗೆ ಬಿಟ್ರೆ ಅಲ್ಲೂ ಅದೇ ಲಾನ್.

ಬಾಟನಿ ಮೇಡಂ · 2:05

ಇದನ್ನೇ ನಾನು ಕ್ಲಾಸಲ್ಲಿ ಲೆಕ್ಕ ಹಾಕಿಸ್ತೀನಿ. ಒಬ್ಬ ಮನುಷ್ಯ ವರ್ಷಕ್ಕೆ ಸುಮಾರು ಅರ್ಧ ಕೆಜಿ ರಂಜಕ ಹೊರಗೆ ಹಾಕ್ತಾನೆ, ಹೆಚ್ಚಿನದ್ದು ಮೂತ್ರದಲ್ಲಿ. 50 ಕೆಜಿ ಡಿಎಪಿ ಗೊಬ್ಬರದ ಮೂಟೆಯಲ್ಲಿ ಇರೋ ರಂಜಕ ಸುಮಾರು 10 ಕೆಜಿ. ಅಂದ್ರೆ 20 ಜನ ಸೇರಿದ್ರೆ ವರ್ಷಕ್ಕೆ ಒಂದು ಮೂಟೆ ಡಿಎಪಿ. 800 ಜನ ಇರೋ ಒಂದು ರಸ್ತೆಯ ಒಳಚರಂಡಿ ರಾಜಕಾಲುವೆಗೆ (ಮಳೆ ನೀರು ಹರಿಯೋ ದೊಡ್ಡ ಕಾಲುವೆ) ಸೇರಿದ್ರೆ ವರ್ಷಕ್ಕೆ 40 ಮೂಟೆ ಕೆರೆಗೆ ಸುರಿದಂಗೆ. ಒಂದು ಕೆಜಿ ರಂಜಕದಿಂದ ಹಸಿ ಪಾಚಿ 500 ಕೆಜಿವರೆಗೂ ಬೆಳೀಬಹುದು. ಬಟ್ಟೆ ಸೋಪಿನ ಪುಡಿಯಲ್ಲಿ ಫಾಸ್ಫೇಟ್ ಇದ್ರೆ ಅದು ಇದರ ಮೇಲೆ.

ಮಾಮೂಲಿ ಮನುಷ್ಯ · 2:18

ಹಂಗಾದ್ರೆ ನಮ್ಮೂರ ಕೆರೆಗೆ ದನದ ಗಂಜಲ ಬೀಳ್ತಿರಲಿಲ್ವಾ ಮೇಡಂ?

ಕೋಲಾರದ ಗೋಡು · 7:48

ಅದಕ್ಕೆ ನಾನು ಹೇಳ್ತೀನಿ ಕೇಳಿ ಅಣ್ಣ, ನಾನು ರೈತ. ಬೀಳ್ತಿತ್ತು, ಬಿದ್ದಿದ್ದನ್ನ ನಾವು ವಾಪಸ್ ಎತ್ಕೋತಿದ್ವಿ. ನಮ್ಮ ತಾತನ ಕಾಲದಾಗೆ ಬೇಸಿಗೆ ಬಂದು ಕೆರೆ ಒಣಗಿದ್ರೆ ಊರೋರೆಲ್ಲ ಗಾಡಿ ಕಟ್ಟಿ ಗೋಡು ಹೊಡೆಯೋರು. ಕೆರೆ ಅಂಗಳದ ಆ ಕಪ್ಪು ಮಣ್ಣು ಹೊಲಕ್ಕೆ ಹಾಕಿದ್ರೆ ರಾಗಿ ಎರಡು ವರ್ಷ ಬೇರೆ ಗೊಬ್ಬರ ಕೇಳ್ತಿರಲಿಲ್ಲ ಅನ್ನೋರು. ಮೇಡಂ ಹೇಳೋ ರಂಜಕ ಎಲ್ಲ ಆ ಗೋಡಿನಾಗೇ ಇರ್ತಿತ್ತು ಅನ್ನಿ. ಹೊಲದಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ. ಈಗ ಮೂಟೆ ಗೊಬ್ಬರ ಬಂದ ಮೇಲೆ ಯಾರು ಗಾಡಿ ಕಟ್ತಾರೆ. ನಿಮ್ಮ ಬೆಂಗಳೂರು ಕೆರೆ ಒಣಗೋದೇ ಇಲ್ಲ, ಬೇಸಿಗೇಲೂ ತುಂಬೈತೆ, ಅದ್ಯಾವ ಮಳೆ ನೀರಪ್ಪ ಮಾರ್ಚ್ ತಿಂಗಳಾಗೆ? ಒಣಗಿದ್ರೂ ಆ ಹೂಳು ನಾವು ಹೊಲಕ್ಕೆ ಹಾಕ್ಕಳಲ್ಲ ಬಿಡಿ, ಅದ್ರಾಗೆ ಏನೇನ್ ಲೋಹ ಐತೋ.

ನಮ್ಮ ಕಡೆ 2018ರಲ್ಲಿ ಕೆಸಿ ವ್ಯಾಲಿ ನೀರು ಬಂತಲ್ಲ, ಬೆಂಗಳೂರಿನ ಟ್ರೀಟ್ ಮಾಡಿದ ನೀರು. ಬಂದ ಹೊಸದ್ರಾಗೆ ಲಕ್ಷ್ಮೀಸಾಗರ ಕೆರೇಲಿ ನೊರೆ ಬಂದು ದೊಡ್ಡ ಗಲಾಟೆ ಆಯ್ತು, ಹೈಕೋರ್ಟ್ ತನಕ ಹೋಯ್ತು. ಬೋರ್‌ವೆಲ್ಲಾಗೆ ನೀರು ಬಂದಿದ್ದು ಸುಳ್ಳಲ್ಲ, ನಾನೇ ಅದ್ರಾಗೆ ಟೊಮ್ಯಾಟೋ ಬೆಳ್ದಿದೀನಿ. ಆದ್ರೆ ನಮ್ಮ ಹತ್ರದ ಕೆರೆ ಬಣ್ಣನೂ ತಿರುಗೈತೆ, ಎಮ್ಮೆ ಇಳಿಸಕ್ಕೆ ಮನಸ್ ಬರಲ್ಲ. ಎರಡೂ ನಿಜ.

ಪಂಪ್‌ಹೌಸ್ · 8:15

ಅಣ್ಣಾ ಎರಡನೇ ಹಂತದವರೆಗೆ ಟ್ರೀಟ್ ಮಾಡಿದ ನೀರು ಅದು, ಮೇಲೆ ಹೇಳಿದ್ನಲ್ಲ ಅದೇ ಕಥೆ, ಕೊಳೆ ಹೋಗತ್ತೆ ರಂಜಕ ಉಳಿಯತ್ತೆ.

ಕೆರೆ ಡಾಕ್ಟರ್ · 9:02

ಸಮಸ್ಯೆಗೆ ಪರಿಹಾರ ಇದೆ. ಬಯೋ ಕಲ್ಚರ್ (ಬ್ಯಾಕ್ಟೀರಿಯಾ) ಉಂಡೆ ಕೆರೆಗೆ ಹಾಕಿದ್ರೆ 15 ದಿನದಲ್ಲಿ ನೀರು ಕನ್ನಡಿ. ಕೆಮಿಕಲ್ ಇಲ್ಲ, ನೂರಕ್ಕೆ ನೂರು ನೈಸರ್ಗಿಕ. ಇನ್‌ಬಾಕ್ಸ್ ಮಾಡಿ.

ಪಂಪ್‌ಹೌಸ್ · 9:06

ಬಂದ್ರಪ್ಪ. ಉಂಡೆ ಹಾಕಿದ್ರೆ ರಂಜಕ ಎಲ್ಲಿಗೆ ಹೋಗತ್ತೆ ಹೇಳಿ ಸ್ವಾಮಿ. ಸಾರಜನಕ ಆದ್ರೂ ಗಾಳಿಗೆ ಹೋಗತ್ತೆ, ರಂಜಕ ಹಾರಿ ಹೋಗಲ್ಲ. ಪಾಚಿ ಸತ್ರೆ ನೀರಿಗೆ, ಇಲ್ಲ ಹೂಳಿಗೆ, ಇಲ್ಲ ಯಾರಾದ್ರೂ ಎತ್ತಿ ಆಚೆ ಹಾಕಬೇಕು. ನಾಲ್ಕನೇ ದಾರಿ ಇದ್ರೆ ಹೇಳಿ.

ಕೆರೆ ಡಾಕ್ಟರ್ · 9:30

ನಮ್ಮದು ವಿಶೇಷ ತಳಿ.

ಮಾಮೂಲಿ ಮನುಷ್ಯ · 9:33

😂😂

ಧಾರವಾಡ ಟು ಟೊಲೆಡೊ · ಮಂಗಳವಾರ, ಬೆಳಗ್ಗೆ 6:40

ನಾ ಇರೂದು ಓಹಿಯೋದ ಟೊಲೆಡೊದಾಗ. ಕೈ ಹಾಕಿದ್ರ ತೊಂದ್ರಿ ಏನು ಅಂತ ಕೇಳಿದ್ರಲ್ಲ, ನಮ್ಮ ಕಥಿ ಕೇಳ್ರಿ. 2014ರ ಆಗಸ್ಟ್ ತಿಂಗಳದಾಗ ಒಂದು ಶನಿವಾರ ಮುಂಜಾನೆ ಎದ್ದು ನೋಡಿದ್ರ ಫೋನ್ ತುಂಬ ಮೆಸೇಜು, ನಳದ ನೀರು ಕುಡೀಬ್ಯಾಡ್ರಿ ಅಂತ. ಈರಿ ಸರೋವರದಾಗ ಇದ ನೀಲಿ-ಹಸಿರು ಪಾಚಿ ಬೆಳದು ಅದರ ವಿಷ ನಗರದ ನೀರಿನ ಪ್ಲಾಂಟಿಗೇ ಬಂದಿತ್ತು, ಮೈಕ್ರೋಸಿಸ್ಟಿನ್ ಅಂತ, ಲಿವರಿಗೆ ಹೊಡಿತೈತಿ. ಸುಮಾರು 5 ಲಕ್ಷ ಮಂದಿಗೆ ಮೂರು ದಿನ ನೀರಿಲ್ಲ. ನಮ್ಮವ್ವ ಆಗ ಇಲ್ಲೇ ಬಂದಿದ್ಲು, "ಅದಕ್ಕೇನು, ಕುದಿಸಿ ಕುಡದ್ರಾತು" ಅಂದ್ಲು. ಕುದಿಸಿದ್ರ ಹೋಗೂದಿಲ್ರಿ ಇದು, ನೀರು ಆವಿಯಾಗಿ ವಿಷ ಇನ್ನೂ ಗಟ್ಟಿ ಆಕ್ಕೈತಿ. ಅಂಗಡ್ಯಾಗ ನೀರಿನ ಬಾಟ್ಲಿ ಖಾಲಿ, ರಾಜ್ಯದ ಗಡಿ ದಾಟಿ ಮಿಶಿಗನ್‌ಗೆ ಹೋಗಿ ತಂದ್ವಿ.

ಇಲ್ಲಿ ಕಾರಣ ಚರಂಡಿ ನೀರಿಗಿಂತ, ಸರೋವರಕ್ಕ ಸೇರೂ ಮಾಮೀ ನದಿ ಸುತ್ತಲ ಮೆಕ್ಕೆಜೋಳ ಸೋಯಾ ಹೊಲದ ಗೊಬ್ಬರ ಜಾಸ್ತಿ. 1970ರ ದಶಕದಾಗ ಸೋಪಿನ ಫಾಸ್ಫೇಟು, ಚರಂಡಿ ಕಂಟ್ರೋಲ್ ಮಾಡಿ ಸರೋವರ ಒಂದ್ಸಲ ಸುಧಾರ್ಸಿತ್ತು, ಆಮ್ಯಾಲ ಹೊಲದ ಬಾಜೂದಿಂದ ಮತ್ತ ಬಂತು. ಈಗ ಬೇಸಿಗ್ಯಾಗ ಬೀಚಿನ್ಯಾಗ ಬೋರ್ಡು ಹಾಕ್ತಾರ, ಪಾಚಿ ಐತಿ, ಸಣ್ಣ ಹುಡುಗುರನ್ನ, ನಾಯಿನ್ನ ನೀರಿಗೆ ಬಿಡಬ್ಯಾಡ್ರಿ ಅಂತ. ನಾಯಿ ಯಾಕ ಅಂದ್ರ ಅದು ಈಜಿ ಬಂದು ಮೈ ನೆಕ್ಕೋತೈತಿ.

ಬಾಟನಿ ಮೇಡಂ · 7:25

ಸರಿಯಾಗಿ ಹೇಳಿದ್ರಿ. ಒಂದು ಮಾತು ಸೇರಿಸ್ತೀನಿ, ನೀಲಿ-ಹಸಿರು ಇದ್ದ ಕೂಡಲೇ ವಿಷ ಇದ್ದೇ ಇರತ್ತೆ ಅಂತಲ್ಲ, ಲ್ಯಾಬಲ್ಲಿ ನೋಡಿದ್ರೇ ಗೊತ್ತಾಗೋದು. ಗೊತ್ತಾಗೋವರೆಗೆ ಮುಟ್ಟದೇ ಇರೋದು ಕ್ಷೇಮ. ಮುಟ್ಟಿದ್ರೆ ಕೆಲವರಿಗೆ ತುರಿಕೆ, ಕಣ್ಣುರಿ ಬರತ್ತೆ, ಸೋಪು ಹಾಕಿ ತೊಳ್ಕೊಳಿ. ಮಕ್ಕಳು ಕೈ ಅದ್ದಿ ಆಮೇಲೆ ಅದೇ ಕೈಲಿ ಚುರುಮುರಿ ತಿಂತಾರಲ್ಲ, ಭಯ ಇರೋದು ಅಲ್ಲಿ.

ಹಲಸೂರು ವಾಕರ್ · 8:50

ರಿಸಲ್ಟ್ ಬಂತು!! ಹಾರ್ಲಿಕ್ಸ್ ಬಾಟಲಿಲಿ ತುಂಬಿಸಿ, ಮೇಲೆ ಎರಡು ಕವರ್ ಸುತ್ತಿ, ತರಕಾರಿ ಟ್ರೇ ಹಿಂದೆ ಬಚ್ಚಿಟ್ಟಿದ್ದೆ. ಬೆಳಗ್ಗೆ ನೋಡಿದ್ರೆ ಕೆಳಗೆ ನೀರು ತಿಳಿಯಾಗಿದೆ, ಸ್ವಲ್ಪ ಚಹಾ ಬಣ್ಣ, ಮೇಲೆ ಬೆರಳಿನ ದಪ್ಪ ಹಸಿರು ಕೆನೆ. ಬಾಟಲಿ ಓರೆ ಮಾಡಿದ್ರೆ ಕೆನೆಯೊಳಗೆ ರವೆ ಕಾಳಿನಂಥ ಸಣ್ಣ ಸಣ್ಣ ಚುಕ್ಕಿ ಕಾಣತ್ತೆ. ನಮ್ಮೋಳು ಮೊಸರು ತೆಗೆಯೋಕೆ ಹೋಗಿ ನೋಡಿದ್ಲು, ಮುಂದಿನದ್ದು ಹೇಳಲ್ಲ. ಹೊಸ ಫ್ರಿಜ್ ಬೇಕಂತೆ.

ಎಲ್ಲರೂ ಹೇಳಿದ್ದು ಕೇಳಿ ತಲೇಲಿ ಹುಳ ಬಿಟ್ಟಂಗೆ ಆಗಿದೆ, ಇವತ್ತು ರಜೆ ಹಾಕಿ ನೀರು ಎಲ್ಲಿಂದ ಬರ್ತಿದೆ ಅಂತ ನೋಡ್ಕೊಂಡು ಬರ್ತೀನಿ.

ಬಾಟನಿ ಮೇಡಂ · 9:10

ರವೆ ಥರ ಚುಕ್ಕಿ ಅಂದ್ರೆ ಮೈಕ್ರೋಸಿಸ್ಟಿಸ್ ಅನ್ನೋ ನೀಲಿ-ಹಸಿರು ಪಾಚಿ ಇರಬಹುದು ಅನ್ಸತ್ತೆ, ಅದು ಗುಂಪು ಗುಂಪಾಗಿ ಹಾಗೇ ಕಾಣೋದು. ಬಾಟಲಿ ಬಿಸಾಕಬೇಡಿ. ಫ್ರಿಜ್ಜಿಂದ ತೆಗೀರಿ ಮೊದ್ಲು!

ಗಾಳದ ಗೋಪಿ · 11:40

ನಾನು ಮೀನಿನ ಕಡೆಯಿಂದ ಹೇಳ್ತೀನಿ. 2016 ಮಾರ್ಚಲ್ಲಿ ಇದೇ ಹಲಸೂರು ಕೆರೇಲಿ ಸಾವಿರಾರು ಮೀನು ಸತ್ತು ತೇಲಿದ್ವಲ್ಲ, ಪೇಪರಲ್ಲೆಲ್ಲ ಬಂತು. ಆಗ ವಿಷ ಹಾಕಿದಾರೆ ಅಂತ ಕೆಲವರು, ಬಿಸಿಲಿಗೆ ಸತ್ತಿವೆ ಅಂತ ಕೆಲವರು. ಸತ್ತಿದ್ದು ಉಸಿರು ಕಟ್ಟಿ ಸ್ವಾಮಿ, ಆಕ್ಸಿಜನ್ ಇರಲಿಲ್ಲ. ಪಾಚಿ ಹಗಲಲ್ಲಿ ಬಿಸಿಲಿಗೆ ಆಕ್ಸಿಜನ್ ಬಿಡತ್ತೆ, ರಾತ್ರಿ ಅದೇ ಪಾಚಿ ಉಸಿರಾಡಿ ಇರೋದನ್ನೆಲ್ಲ ಎಳ್ಕೊಳತ್ತೆ. ಮೀನಿಗೆ ಕಷ್ಟದ ಟೈಮ್ ಬೆಳಗಿನ ಜಾವ ನಾಲ್ಕರಿಂದ ಆರು. ನೀವು ಆ ಹೊತ್ತಲ್ಲಿ ಹೋಗಿ ನೋಡಿ, ಕಟ್ಲಾ ರೋಹು ಎಲ್ಲ ಮೇಲೆ ಬಂದು ಬಾಯಿ ಪಚ್ ಪಚ್ ಅಂತಿರ್ತವೆ. ಜನ ಹಸಿವು ಅನ್ಕೊಂಡು ಪುರಿ, ಬ್ರೆಡ್ ಹಾಕ್ತಾರೆ! ಉಸಿರಿಗೆ ಒದ್ದಾಡೋನ ಬಾಯಿಗೆ ಅನ್ನ ತುರುಕಿದಂಗೆ. ಹಾಕಿದ್ದು ಕೊಳೆತು ಮತ್ತೆ ಗೊಬ್ಬರನೇ. ಜಿಲೇಬಿ ಮೀನು (ತಿಲಾಪಿಯಾ), ಕ್ಯಾಟ್‌ಫಿಶ್ ಮಾತ್ರ ತಡ್ಕೊಂಡು ಉಳೀತವೆ, ಅದಕ್ಕೇ ನಮ್ಮ ಕೆರೆಗಳಲ್ಲಿ ಈಗ ಅವೇ ಜಾಸ್ತಿ.

ಮೊದಲನೇ ಮಳೆ ಬಗ್ಗೆ ಹುಷಾರು. ಮಳೆ ಬಂದ್ರೆ ಸರಿ ಹೋಗತ್ತೆ ಅನ್ನೋದು ತಪ್ಪು. ತಿಂಗಳುಗಟ್ಟಲೆ ಚರಂಡಿಲಿ ಕೂತಿದ್ದ ಕಪ್ಪು ಕೊಚ್ಚೆನ ಆ ಮಳೆ ಒಂದೇ ರಾತ್ರಿಗೆ ತಳ್ಕೊಂಡು ಬರತ್ತೆ. ನಮ್ಮೂರಲ್ಲಿ ಮೀನು ಸಾಯೋದು ಹೆಚ್ಚಾಗಿ ಮೊದಲ ಮಳೆ ಆದ ಮಾರನೇ ದಿನವೇ.

ಮಾಮೂಲಿ ಮನುಷ್ಯ · 12:20

ನಾನೂ ಪುರಿ ಹಾಕ್ತಿದ್ದೆ ಗುರು. ಶನಿವಾರ ಶನಿವಾರ, ಪುಣ್ಯ ಬರತ್ತೆ ಅಂತ.

ಹಲಸೂರು ವಾಕರ್ · ಮಂಗಳವಾರ, ರಾತ್ರಿ 9:15

ಇವತ್ತಿನ ವರದಿ, ಉದ್ದ ಇದೆ ಕ್ಷಮಿಸಿ. ಕೆರೆಗೆ ಬಂದು ಸೇರೋ ಒಂದು ರಾಜಕಾಲುವೆ ಹಿಡ್ಕೊಂಡು ಮೇಲಕ್ಕೆ ಮೂರು ಸಲ ನಡೆದೆ, ಬೆಳಗ್ಗೆ ಒಂಬತ್ತೂವರೆಗೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ. ಮಳೆ ಬಿದ್ದು ತಿಂಗಳ ಮೇಲಾಯ್ತು, ಆದ್ರೂ ಕಾಲುವೆ ಹರೀತಿದೆ. ಬೆಳಗ್ಗೆ ಜೋರು, ಬಿಳಿ ನೊರೆ, ಶ್ಯಾಂಪೂ ವಾಸನೆ ಅಂದ್ರೆ ನಂಬ್ತೀರಾ, ಮಲ್ಲಿಗೆ ಪರಿಮಳದ ಶ್ಯಾಂಪೂ. ಎರಡು ಗಂಟೆಗೆ ಪಾದ ಮುಳುಗೋಷ್ಟೂ ಇಲ್ಲ. ರಾತ್ರಿ ಮತ್ತೆ ಏರಿದೆ, ಪಾತ್ರೆ ತೊಳೆಯೋ ಹೊತ್ತು. ಮಳೆ ಕಾಲುವೆಗೆ ಊರಿನ ದಿನಚರಿ ಹೆಂಗೆ ಗೊತ್ತಾಯ್ತು! ಒಂದು ಕಡೆ ಮ್ಯಾನ್‌ಹೋಲ್ ಕತ್ತಿನ ಹತ್ರ ಒಡೆದು ಅದರಿಂದ ಧಾರಾಕಾರ ಕಾಲುವೆಗೇ ಬೀಳ್ತಿದೆ, ಅಕ್ಕಪಕ್ಕದ ಅಂಗಡಿಯೋರು ಎರಡು ವರ್ಷದಿಂದ ಹಿಂಗೇ ಅಂದ್ರು.

ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡ್ದೆ. ಪೈಪ್ ನಮ್ದು ಕಾಲುವೆ ಅವರದ್ದು ಅಂದ್ರು. ಅವರಿಗೆ ಮಾಡ್ದೆ, ಕಾಲುವೆ ನಮ್ದೇ ಆದ್ರೆ ಅದರಲ್ಲಿ ಹರಿಯೋ ನೀರು ಅವರದ್ದು ಅಂದ್ರು. ಕೊನೆಗೆ ಕಂಪ್ಲೇಂಟ್ ನಂಬರ್ ಒಂದು ಸಿಕ್ತು.

ವಾಪಸ್ ಬರ್ತಾ ಇನ್ನೊಂದು ನೋಡ್ದೆ. ಕೆರೆಯಿಂದ ಎತ್ತಿದ ಜೊಂಡನ್ನ ದಡದಲ್ಲೇ ಗುಡ್ಡೆ ಹಾಕಿದಾರೆ, ಕೊಳೆತು ಅದರ ಕಂದು ರಸ ಸಣ್ಣ ಗೀಟಾಗಿ ಹರ್ಕೊಂಡು ವಾಪಸ್ ಕೆರೆಗೇ ಹೋಗ್ತಿದೆ. ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಪಂಪ್‌ಹೌಸ್ · 9:40

ಸರ್ ಸಖತ್ ಕೆಲ್ಸ. ಬೆಳಗ್ಗೆ ರಾತ್ರಿ ಏರೋದು ಸೇಮ್ ಟು ಸೇಮ್ ನಮ್ಮ ಪ್ಲಾಂಟಿನ ಇನ್‌ಫ್ಲೋ. ಆ ಮೂರು ಹೊತ್ತಿನ ಫೋಟೋ ಟೈಮ್ ಸಮೇತ ಹಾಕಿ, ಇದು ಮಳೆ ನೀರು ಅಂತ ಯಾರೂ ಹೇಳೋಕಾಗಲ್ಲ. ಜೊಂಡು ಎತ್ತಿದ್ದು ಒಳ್ಳೇದೇ, ಎತ್ತಿದ್ರಲ್ಲಿ ರಂಜಕ ಇದೆ, ಆದ್ರೆ ಲಾರಿ ಬಂದು ಆಚೆ ಸಾಗಿಸಿದ್ರೆ ಮಾತ್ರ ಲೆಕ್ಕ.

ಮಾಮೂಲಿ ಮನುಷ್ಯ · 9:52

ಸರಿ, ಆ ಮ್ಯಾನ್‌ಹೋಲ್ ಮುಚ್ಚಿದ್ರು ಅನ್ನಿ. ಮುಂದಿನ ವರ್ಷ ಕೆರೆ ಕ್ಲೀನಾ?

ಬಾಟನಿ ಮೇಡಂ · 10:30

ಒಳ್ಳೇ ಪ್ರಶ್ನೆ, ಉತ್ತರ ಕೇಳಿ ಬೇಜಾರಾಗಬೇಡಿ. ಸಿಯಾಟಲ್ ಹತ್ರ ವಾಷಿಂಗ್ಟನ್ ಸರೋವರ ಇದೆ, ಸುತ್ತಲಿನ ಊರಿನ ಚರಂಡಿ ನೀರಿಂದ ಹೀಗೇ ಕೆಟ್ಟಿತ್ತು. 1963ರಿಂದ 1968ರವರೆಗೆ ಆ ನೀರನ್ನೆಲ್ಲಾ ಬೇರೆ ಕಡೆ ತಿರುಗಿಸಿದ್ರು, ಕೆಲವೇ ವರ್ಷಕ್ಕೆ ನೀರು ತಿಳಿಯಾಯ್ತು. ಆದ್ರೆ ಅದು ಆಳದ ಸರೋವರ. ನಮ್ಮ ಕೆರೆಗಳು ಬಸಿ ಥರ, ಆಳ ಕಡಿಮೆ, ತಳದಲ್ಲಿ ದಶಕಗಳ ಹೂಳು. ತಳದಲ್ಲಿ ಆಕ್ಸಿಜನ್ ಮುಗಿದ್ರೆ ಹೂಳಿನಲ್ಲಿ ಕಬ್ಬಿಣದ ಜೊತೆ ಕೂತಿದ್ದ ರಂಜಕ ಬಿಡಿಸ್ಕೊಂಡು ಮೇಲೆ ಬರತ್ತೆ. ಹೊರಗಿನದ್ದು ನಿಂತ್ರೂ ಒಳಗಿನ ಸಾಲ ವರ್ಷಾನುಗಟ್ಟಲೆ ತೀರಿಸ್ತಾ ಇರಬೇಕು. ಹೂಳು ತೆಗೆದ್ರೆ ಬೇಗ ತೀರತ್ತೆ. ಆದ್ರೆ ಹೊರಗಿನದ್ದು ನಿಲ್ಲಿಸದೆ ಹೂಳು ತೆಗೆಯೋದು, ನಲ್ಲಿ ನಿಲ್ಲಿಸದೆ ಮನೆ ನೀರು ಬಳಿದಂಗೆ. ವಾಕರ್ ಸರ್ ಕೇಳಿದ ಕಾರಂಜಿನೂ ಅಷ್ಟೇ, ಅದರ ಸುತ್ತ ಇರೋ ಮೀನಿಗೆ ಸ್ವಲ್ಪ ಉಸಿರು ಸಿಗತ್ತೆ, ರಂಜಕ ಕಡಿಮೆ ಆಗಲ್ಲ.

ಜಕ್ಕೂರು ಕೆರೆ ಒಂದು ಸಲ ನೋಡ್ಕೊಂಡು ಬನ್ನಿ. ಎಸ್‌ಟಿಪಿ ನೀರು ಮೊದಲು ಜೊಂಡು, ಆಪು ಹುಲ್ಲು ಬೆಳೆದ ಜೌಗಿನಲ್ಲಿ ಹಾದು ಆಮೇಲೆ ಕೆರೆಗೆ ಇಳಿಯತ್ತೆ, ಗೊಬ್ಬರದಲ್ಲಿ ಒಂದಷ್ಟು ಆ ಗಿಡಗಳೇ ತಿನ್ನತ್ವೆ. ಅದೂ ಗಿಡ ಕುಯ್ದು ಆಚೆ ಹಾಕ್ತಿದ್ರೆ ಮಾತ್ರ. ಅಲ್ಲೂ ತೊಂದರೆ ಇಲ್ಲ ಅಂತಲ್ಲ, ಆದ್ರೂ ಪೆಲಿಕಾನ್ ಬರತ್ತೆ.

ಕೋಲಾರದ ಗೋಡು · 10:44

ಹಲಸೂರಿಂದ ಹೊರಬಿದ್ದ ನೀರು ಬೆಳ್ಳಂದೂರಿಗೆ, ಆ ಕಣಿವೆ (ಕೆಸಿ ವ್ಯಾಲಿ) ನೀರೇ ಟ್ರೀಟ್ ಆಗಿ ನಮಗೆ. ನೀವು ಮ್ಯಾನ್‌ಹೋಲ್ ಮುಚ್ಚಿಸಿ ಸ್ವಾಮಿ, ನಮ್ಮ ಎಮ್ಮೆಗೂ ಉಪಕಾರ.

ಹಲಸೂರು ವಾಕರ್ · ಶುಕ್ರವಾರ, ಬೆಳಗ್ಗೆ 6:35

ರಾತ್ರಿ ಮಳೆ ಬಂತು, ಮುಕ್ಕಾಲು ಗಂಟೆ. ಗೋಪಿ ಹೇಳಿದ್ದು ನೆನಪಾಗಿ ಐದೂಕಾಲಿಗೇ ಹೋದೆ, ಟಾರ್ಚ್ ಹಿಡ್ಕೊಂಡು. ಹಸಿರು ಪೇಂಟ್ ಒಂದು ಕಡೆ ಒತ್ತರಿಸಿದೆ, ಕಾಲುವೆ ಬಾಯಿಂದ ಕಪ್ಪು ನೀರು ನಾಲಗೆ ಥರ ಒಳಗೆ ಚಾಚಿದೆ. ಬೋಟ್ ಕಟ್ಟೆ ಹತ್ರ ನೂರಾರು ಬಾಯಿ, ಬಿಳಿ ಬಿಳಿ ಉಂಗುರ, ಪಚ್ ಪಚ್ ಪಚ್. ಸತ್ತಿದ್ದು ನಾನು ಎಣಿಸಿದ್ದು ಹದಿನಾಲ್ಕು. ಇನ್ನೊಬ್ಬರು ವಾಕರ್ ಪುರಿ ಕವರ್ ಬಿಚ್ಚಿದ್ರು, ಕೈ ಹಿಡ್ಕೊಂಡೆ, ಅವರಿಗೆ ಎಲ್ಲ ಹೇಳೋಷ್ಟರಲ್ಲಿ ಬೆಳಕಾಯ್ತು.

ಗಾಳದ ಗೋಪಿ · 6:50

ಹದಿನಾಲ್ಕಕ್ಕೆ ನಿಂತಿದ್ರೆ ಲಕ್. ಮೋಡ ಇದ್ರೆ ಇವತ್ತು ಹಗಲೂ ಆಕ್ಸಿಜನ್ ಕಮ್ಮಿ. ನಾಳೆ ಬೆಳಗ್ಗೆ ಮತ್ತೆ ನೋಡಿ.

ಮಾಮೂಲಿ ಮನುಷ್ಯ · 7:15

ಸರ್ ನಾಳೆ ನಾನೂ ಬರ್ತೀನಿ. ಫೋಟೋ ತೆಗೆಯೋಕೆ, ಪುರಿ ತರಲ್ಲ.

ಬಾಟನಿ ಮೇಡಂ · 7:40

ನಾನು ಭಾನುವಾರ ಬರ್ತೀನಿ, ಕಾಲೇಜಿನ ಮೈಕ್ರೋಸ್ಕೋಪ್ ತರೋಕೆ ಪರ್ಮಿಷನ್ ಕೇಳಿದೀನಿ. ಮೂರು ಜಾಗದ ನೀರು ಬೇಕು, ಕಾಲುವೆ ಬಾಯಿ, ಬೋಟ್ ಕಟ್ಟೆ, ಕೋಡಿ ಕಡೆ. ಬಾಟಲಿ ಮೇಲೆ ಜಾಗ, ಟೈಮ್ ಬರೆದಿರಲಿ.

ಹಲಸೂರು ವಾಕರ್ · 7:52

ಆಯ್ತು ಮೇಡಂ. ಭಾನುವಾರ ಆರೂವರೆಗೆ ಗುರುದ್ವಾರದ ಎದುರು. ಬಾಟಲಿ ಎಲ್ಲರೂ ಅವರವರದ್ದೇ ತನ್ನಿ, ನಮ್ಮನೇಲಿ ಇನ್ನು ಒಂದೂ ಕೊಡಲ್ಲ ಅಂದಿದಾರೆ.